ಹೆಣಕ್ಕೆ ಕಟ್ಟಿದ ಹಗ್ಗ

ರಾಯದುರ್ಗ
21-2-2024, ಬುಧವಾರ ಬೆಳಗ್ಗೆ

ಮೈ ಡಿಯರ್ ಮಗಳು ಭುವನಾಗೆ ಅಪ್ಪನ ಆಶೀರ್ವಾದ.

ಶೂಟಿಂಗ್ ಮುಗಿಯುವ ತನಕ ಎಲ್ಲರ ಫೋನೂ ಇಸಿದುಕೊಂಡಿರುತ್ತಾರೆ ಅಂದಿದ್ದೆಯಲ್ಲ, ಅದಕ್ಕೇ ಈ ಕಾಗದ. ಸಿನಿಮಾದವರ ಸಾಮಾನಿನ ವ್ಯಾನು ಇವತ್ತು ಮಡಕಶಿರಕ್ಕೆ ಹೊರಟಿದೆ. ಡ್ರೈವರ್ ಓಬಳಪ್ಪನ ಕೈಗೆ ಕೊಡುತ್ತೇನೆ. ನಾಳೆ ಹೀರೋಯಿನ್ ಬದಲು ನೀನು ಕೋಟೆ ಗೋಡೆಯಿಂದ ಜಿಗಿಯುವ ಮುಂಚೆ ಓದು.

ನೀನು ಅತ್ತ ಹೋದ ಮೇಲೆ ನನಗೂ ಇಲ್ಲಿ ಒಂದು ಪಾರ್ಟ್ ಸಿಕ್ಕಿತು. ಡೆಡ್ ಬಾಡಿ. ನಗಬೇಡ. ನಮ್ಮವರಲ್ಲಿ ಹೆಣ ಕೂತಿರಬೇಕಲ್ಲ. ನಿನ್ನೆ ವಿಭೂತಿ ಬಳಿದು, ಹಾರ ಹಾಕಿ, ಹಗ್ಗ ಸುತ್ತಿ ಕಂಬಕ್ಕೆ ಕಟ್ಟಿದರು. ನಿಮ್ಮಮ್ಮನನ್ನು ಕೂರಿಸಿದಾಗ ಆ ಗಂಟು ಹಾಕಿದವನು ನಾನೇ. ಇರಲಿ, ಕಮ್ ಟು ದಿ ಪಾಯಿಂಟ್ ಅನ್ನುತ್ತಿದ್ದರು ನಮ್ಮ ಲೆಕ್ಚರರ್.

ಲೈಟು ಸರಿಮಾಡುವಾಗ ನನ್ನ ಪಕ್ಕದಲ್ಲೇ ಡೈರೆಕ್ಟರ್ ವಾಗೀಶ್‌ಗೂ ಫೈಟ್ ಮಾಸ್ಟರ್ ರಘುನಾಥನಿಗೂ ಹತ್ತಿಕೊಂಡಿತು. ರಘುನಾಥ ಅಂದ: "ಅಜ್ಜಗ ಕಟ್ಟಿದ ಈ ಹಗ್ಗಾನ ಆ ಹುಡುಗಿಗೂ ಕಟ್ಟಾದೇನ್ರಿ? ಕುರಿ ಕಟ್ಟಾಕೂ ಬರಂಗಿಲ್ಲ ಇದು."

"ಡೂಪ್‌ಗೆ ಸಾಕು ಬಿಡ್ರೀ. ಹೊಸದು ಬರೋಕೆ ಎರಡು ದಿನ ಬೇಕು. ಹೀರೋಯಿನ್ ಡೇಟ್ ನೀವು ಕೊಡ್ತೀರಾ?"

"ಮೆಲ್ಲಕ್ರೀ, ಅಜ್ಜ ಕೇಳಿಸ್ಕೊಂತಾನ."

"ಹೆಣಕ್ಕೆಲ್ಲಿ ಕಿವಿ?"

ಎಲ್ಲರೂ ನಕ್ಕರು. ನಾನು ನಿನ್ನ ಅಪ್ಪನೆಂದು ವಾಗೀಶನಿಗೆ ಗೊತ್ತಿಲ್ಲ. ರಘುನಾಥ ಸಂಜೆಯೇ ಕೆಲಸ ಬಿಟ್ಟು ಬಳ್ಳಾರಿ ಬಸ್ ಹತ್ತಿದ. ಇನ್ನು ಅಲ್ಲಿ ನಿನ್ನ ಗಂಟು ನೋಡುವವರಿಲ್ಲ.

ನನ್ನ ಕೈ ಬೆನ್ನ ಹಿಂದೆಯೇ ಇತ್ತು. ಬೆರಳಿಗೆ ಹಗ್ಗದ ಎಳೆಗಳು ಒಂದೊಂದಾಗಿ ಕಿತ್ತು ಬಂದವು. ಅದರಲ್ಲೊಂದನ್ನು ಇದರಲ್ಲಿಟ್ಟಿದ್ದೇನೆ, ಎಳೆದು ನೋಡು. ಹಗ್ಗವನ್ನೇ ಕೇಳಿದೆ, ಮ್ಯಾನೇಜರ್ ಪೆಟ್ಟಿಗೆಗೆ ಹಾಕಿ ಬೀಗ ಜಡಿದ. ಆ ಪೆಟ್ಟಿಗೆಯೂ ಇದೇ ವ್ಯಾನಿನಲ್ಲಿ ಬರುತ್ತಿದೆ, ಮಗಾ.

ನಾನೂ ವ್ಯಾನಿನ ಹಿಂದೆಯೇ ಬಸ್ಸಿಗೆ ಬರುತ್ತೇನೆ. ಹೊರಗಿನವರನ್ನು ಕೋಟೆ ಮೇಲೆ ಬಿಡುವುದಿಲ್ಲವಂತೆ. ಬಿಡದಿದ್ದರೆ ಈ ಕಾಗದವೇ ಗತಿ. ಒಲ್ಲೆ ಅನ್ನು. ಚಾನ್ಸ್ ಹೋದರೆ ಹೋಗಲಿ.

ಯುವರ್ ಲವಿಂಗ್ ಫಾದರ್,
ರುದ್ರಮುನಿಯಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಹೋದ ವಾರ ಮ್ಯಾನೇಜರ್ ನಿನ್ನ ಜಿಗಿತದ ಬಗ್ಗೆ ಒಂದು ಇಂಗ್ಲಿಷ್ ಕಾಗದ ತಂದಿದ್ದ. ಹೋಟೆಲಿನಲ್ಲಿ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದೆ, 'ಅಟ್ ಹರ್ ಓನ್ ರಿಸ್ಕ್' ಅಂತ. ಸೂಪರ್ ಸಾರ್ ಅಂದರು. ಆ ಹುಮ್ಮಸ್ಸಿನಲ್ಲಿ ಬರೆದುಕೊಟ್ಟೆ. ನಿನ್ನೆ ಹಗ್ಗದ ಎಳೆ ಕಿತ್ತು ಕೈಗೆ ಬಂದ ಮೇಲೂ, ಶಾಟ್ ಕೆಟ್ಟೀತೆಂದು 'ಕಟ್' ಅನ್ನುವವರೆಗೆ ಕಣ್ಣು ತೆರೆಯಲಿಲ್ಲ. ನಿಮ್ಮಪ್ಪನೇ ಒಪ್ಪಿದ್ದಾನೆ ಅಂತ ಅವರು ಆ ಕಾಗದ ತೋರಿಸುತ್ತಾರೆ. ಹೌದು, ಸಹಿ ನನ್ನದೇ. ಆದರೂ ಜಿಗಿಯಬೇಡ.