ಹಿಟ್ಟಿನ ಡಬ್ಬಿಯ ಹಿಂದಿನ ನಾಲ್ಕು ಪಾತ್ರೆಗಳು

ಮನೆಯಿಂದ,
ಮಂಗಳವಾರ, ೧೪ನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಮನೆಯೊಡತಿಗೆ,

ನಿನ್ನ ಮಂಡಿನೋವು ಹೇಗಿದೆ? ಬಾಣಂತಿ, ಕೂಸು ಇಬ್ಬರೂ ಚೆನ್ನಾಗಿದ್ದಾರೆಂದು ಅಳಿಯ ಹೇಳಿದ. ಮೊಮ್ಮಗಳಿಗೆ ನನ್ನ ಮೂಗೇ ಬಂದಿದೆಯಂತೆ, ಪಾಪ! ಫೋನ್ ಮಾಡಬಹುದಿತ್ತು, ಆದರೆ ಅಲ್ಲಿ ಫೋನೆಂದರೆ ಮನೆಮಂದಿಗೆಲ್ಲ ಕೇಳುವ ಹಾಗೆ ಇಡುತ್ತಾರೆ. ಇದು ನಮ್ಮಿಬ್ಬರ ಮಾತು. ಅಂಗಡಿಗೆ ಬಟ್ಟೆ ತರುವ ಡ್ರೈವರ್ ಆ ಕಡೆಗೇ ಹೊರಟಿದ್ದಾನೆ, ಸಂಜೆಯೊಳಗೆ ಕಾಗದ ನಿನ್ನ ಕೈ ಸೇರುತ್ತದೆ.

ಅಡುಗೆಮನೆಯಲ್ಲಿ ನನ್ನ ದರ್ಬಾರು ನೀನೇ ಊಹಿಸಿಕೋ. ಹೊಲಿಗೆ ಮೆಷಿನ್ ಕೇಳಿದ ಹಾಗೆ ಒಲೆ ನನ್ನ ಮಾತು ಕೇಳುವುದಿಲ್ಲ. ತಣ್ಣೀರಿಗೇ ಉಪ್ಪು ಸುರಿದಿಟ್ಟು ನಿನ್ನ ಸ್ಟೀಲ್ ಪಾತ್ರೆಯ ತಳದಲ್ಲಿ ಸೂಜಿ ಚುಚ್ಚಿದಂಥ ಕಲೆ ಮಾಡಿದೆ. ಇನ್ನೊಂದರ ತುಂಬ ಬಿಳಿ ಚುಕ್ಕೆ. ನೀನು ಬಂದ ಮೇಲೆ ನನ್ನ ಗತಿಯೇನೆಂದು ಹೆದರಿ, ಬೇರೆ ಪಾತ್ರೆ ಹುಡುಕುತ್ತ ಹಿಟ್ಟಿನ ಡಬ್ಬಿಯ ಹಿಂದೆ ಕೈ ಹಾಕಿದೆ. ಹಳೆಯ ಹೊದಿಕೆಯಲ್ಲಿ ಸುತ್ತಿಟ್ಟ ನಾಲ್ಕು ಪಾತ್ರೆ ಸಿಕ್ಕವು. ಪಕ್ಕದ ಮನೆಯವರಿಗೆ ಕೊಟ್ಟಿದ್ದೇನೆ ಎಂದಿದ್ದೆಯಲ್ಲ, ಆ ಹಾಲಿನ ಪಾತ್ರೆಯೂ ಅದರಲ್ಲಿತ್ತು. ನಾಲ್ಕರ ತಳವೂ ನೀಲಿ, ನೇರಳೆ, ಜೇನಿನ ಬಣ್ಣ. ನೀರಿನ ಮೇಲೆ ಎಣ್ಣೆ ಹರಡಿದ ಹಾಗೆ.

ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಪಾತ್ರೆ ಅಂಗಡಿಯವನ ಹತ್ತಿರ ಹೋದೆ. ಬಿಳಿ ಚುಕ್ಕೆ ನೋಡಿ ನಕ್ಕ. "ಇದು ನೀರಿನ ಸುಣ್ಣ ಯಜಮಾನ್ರೇ, ನಿಂಬೆರಸ ಹಾಕಿ ಉಜ್ಜಿದ್ರೆ ಹೋಗುತ್ತೆ. ಉಪ್ಪು ಚುಚ್ಚಿದ್ದು ಮಾತ್ರ ಹೋಗಲ್ಲ, ಇದ್ದುಬಿಡ್ಲಿ." ಬಣ್ಣದ ಪಾತ್ರೆಗಳನ್ನು ಒಂದೊಂದಾಗಿ ತಿರುಗಿಸಿ ನೋಡುವಾಗ ಅವನು ನಗಲಿಲ್ಲ. "ಬಣ್ಣದಿಂದ ಏನೂ ಅಪಾಯ ಇಲ್ಲ. ಆದ್ರೆ ಇವು ನೀರೆಲ್ಲ ಬತ್ತಿ, ಖಾಲಿಯಾಗಿ ಉರೀಲಿ ಕಾದಿರೋವು. ಒಂದಾದ್ರೆ ಮರೆವು ಅನ್ನಬಹುದು. ನಾಲ್ಕೂ? ಒಲೆ ಮುಂದೆ ಯಾರಿರ್ತಾರೆ ಮನೇಲಿ?"

"ನಾನೇ" ಎಂದು ಸುಳ್ಳು ಹೇಳಿದೆ. ಮೆಟ್ಟಿಲಿಳಿಯುತ್ತಿದ್ದ ಹಾಗೆ, ಸುಟ್ಟ ವಾಸನೆ ಬಂದಾಗಲೆಲ್ಲ "ಎದುರು ಮನೇದು" ಎಂದು ನೀನು ಕಿಟಕಿ ತೆರೆದದ್ದು, ಚಳಿಯಲ್ಲೂ ಅದನ್ನು ಮುಚ್ಚಗೊಡದಿದ್ದದ್ದು ನೆನಪಾಯಿತು. ಒಂದು ಸಂಜೆ ನನ್ನ ಅಂಗಡಿಗೆ ಬಂದು ನಿಂತವಳು "ನಾನ್ಯಾಕೆ ಬಂದೆ ಹೇಳಿ ನೋಡೋಣ" ಎಂದು ನಕ್ಕಿದ್ದೆ. ನಾನೂ ನಕ್ಕಿದ್ದೆ. ಎಷ್ಟು ದಿನದಿಂದ ಒಬ್ಬಳೇ ಹೆದರುತ್ತಿದ್ದೀಯ? ಗಿರಾಕಿಗಳ ಅಳತೆಯೆಲ್ಲ ಬಾಯಿಪಾಠ ಇರುವ ನನಗೆ ಮನೆಯವಳ ಭಯ ಕಾಣಲಿಲ್ಲ. ಬೈಯಲು ಬರೆಯುತ್ತಿಲ್ಲ ಕಣೇ.

ಮಗಳಿಗೂ ಕೂಸಿಗೂ ನನ್ನ ಆಶೀರ್ವಾದ ಮುಟ್ಟಿಸು. ಅಳಿಯನನ್ನು ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಟೈಲರು

ತಾ.ಕ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಅಳಿಯ ಹೇಳಿದ ಇನ್ನೊಂದು ಮಾತು ಈಗ ನೆನಪಾಯಿತು: ಕೂಸಿಗೆ ನೀರು ಕಾಯಿಸುವುದು, ಸ್ನಾನ ಮಾಡಿಸುವುದು ಎಲ್ಲ ನೀನೊಬ್ಬಳೇ ಅಂತೆ. ಮಗಳು ಮೇಲಿನ ಕೋಣೆಯಲ್ಲಿ ಮಲಗಿರುತ್ತಾಳಂತೆ. ಇದನ್ನು ಓದಿದ ಕೂಡಲೇ ಎದ್ದು ಒಲೆ ಆರಿದೆಯೋ ನೋಡು. ಆಮೇಲೆ ಮಗಳಿಗೆ ನೀನೇ ಹೇಳು. ಹೇಳಲು ಬಾಯಿ ಬರದಿದ್ದರೆ ಈ ಕಾಗದವನ್ನೇ ಅವಳ ಕೈಗೆ ಕೊಡು. ನಾಳೆ ಮೊದಲ ಬಸ್ಸಿಗೆ ನಾನು ಅಲ್ಲಿರುತ್ತೇನೆ. ನಾನು ಬರುವ ತನಕ ಕೂಸನ್ನು ಒಬ್ಬಳೇ ಎತ್ತಿಕೊಂಡು ಒಲೆಯ ಹತ್ತಿರ ಹೋಗಬೇಡ, ನಿನ್ನ ಕಾಲಿಗೆ ಬೀಳುತ್ತೇನೆ.