ತಮ್ಮನಿಗೆ ಹಾಕಿದ ಸೊನ್ನೆ

ಮಾರ್ಚ್ ೧೧, ಬುಧವಾರ

ಸಿಟ್ಟು ಬಂದಾಗ ಕೂಗಾಡಬೇಡ, ಬರೆದಿಡು ಎಂದು ಮಗಳು ಈ ನೋಟ್‌ಬುಕ್ ತಂದುಕೊಟ್ಟಿದ್ದಾಳೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈಗೆ ಪೆನ್ನು ಕೊಟ್ಟರೆ ಸಿಟ್ಟು ಇಳಿಯುತ್ತದೆಯೇ? ಇನ್ನೂ ಏರುತ್ತದೆ.

ತಮ್ಮನಿಗೆ ಮರೆವಿನ ಕಾಯಿಲೆ. ವಾರಕ್ಕೆರಡು ದಿನ ಇಂಥವರ ಆರೈಕೆ ಕೇಂದ್ರದಲ್ಲಿ ನಾಲ್ಕು ಜನರ ಜೊತೆ ಕೂರಿಸಿ, ಮಾತಾಡಿಸಿ, ಆಟ ಆಡಿಸಿ ಮಿದುಳಿಗೆ ಕೆಲಸ ಕೊಡುತ್ತಾರೆ. ಅಲ್ಲಿಗೆ ಹೋಗಿಬಂದ ದಿನ ಅವನು ನನ್ನನ್ನು ಅಕ್ಕಾ ಎನ್ನುತ್ತಾನೆ. ಉಳಿದ ದಿನ ನಾನು ಯಾರೋ.

ಇವತ್ತು ಪರೀಕ್ಷೆ. ಅಕ್ಷರದ ಬಿಲ್ಲೆಗಳನ್ನು ಕೊಟ್ಟು, ಬಾಗಿಲು ಎಂದು ಜೋಡಿಸಿ ಎಂದಳು ಅಲ್ಲಿನ ಹುಡುಗಿ. ಇವನು ಪಟಪಟನೆ ಜೋಡಿಸಿದ, ಒಂದೊಂದು ಅಕ್ಷರವನ್ನೂ ತಲೆಕೆಳಗಾಗಿ. ಅವಳು ಸೊನ್ನೆ ಹಾಕಿದಳು.

"ಏನಮ್ಮಾ, ನಲವತ್ತು ವರ್ಷ ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸಿದೋನು ಅವನು. ಅಲ್ಲಿ ಅಕ್ಷರಾನ ತಲೆಕೆಳಗಾಗೇ ಕೂರಿಸ್ಬೇಕು. ಒಂದಾದ್ರೂ ತಪ್ಪಿದ್ಯಾ, ನೋಡು!"

"ಫಾರಂನಲ್ಲಿ ಅದನ್ನೆಲ್ಲ ಬರೆಯೋಕೆ ಜಾಗ ಇಲ್ಲ ಅಜ್ಜಿ."

"ಹಾಗಾದ್ರೆ ಮೊದ್ಲು ನಿನ್ನ ಫಾರಂಗೆ ಚಿಕಿತ್ಸೆ ಕೊಡು."

ಸೊನ್ನೆ ಬಂದವರನ್ನು ಮುಂದಿನ ವಾರದಿಂದ ಗುಂಪಿಗೆ ಸೇರಿಸುವುದಿಲ್ಲವಂತೆ. ಪಕ್ಕದ ಕೋಣೆಯಲ್ಲಿ ಟೀವಿ ಮುಂದೆ ಕೂರಿಸುತ್ತಾರಂತೆ.

ಮನೆಗೆ ಬಂದವನು, "ಅಕ್ಕಾ, ನಾನೇನು ತಪ್ಪು ಮಾಡ್ದೆ?" ಎಂದು ಮೂರು ಸಲ ಕೇಳಿದ. ಹೆಂಡತಿಯ ಹೆಸರೇ ಮರೆತವನ ಬೆರಳಿಗೆ ಕಸುಬು ಇನ್ನೂ ನೆನಪಿದೆ. ಅದನ್ನೇ ತಪ್ಪು ಎಂದರೆ ನಾನು ಬಾಯಿ ಮುಚ್ಚಿಕೊಂಡಿರಬೇಕೇ?

ನಾಳೆ ಕೇಂದ್ರದ ದೊಡ್ಡ ಡಾಕ್ಟರಿಗೆ ಇಷ್ಟೇ ಬರೆದು ಕೊಡುತ್ತೇನೆ: ಆ ಸೊನ್ನೆಯನ್ನು ಹೊಡೆದುಹಾಕಿ, ತಮ್ಮನನ್ನು ಗುಂಪಿನಲ್ಲೇ ಇಟ್ಟುಕೊಳ್ಳಿ. ಆಗುತ್ತದೋ ಇಲ್ಲವೋ, ಹದಿನಾರನೇ ತಾರೀಕು ಸೋಮವಾರದೊಳಗೆ ನನಗೆ ಉತ್ತರ ಬೇಕು.