ಹಗ್ಗದ ಮೇಲಿದ್ದ ಎರಡು ಅಂಗಿಗಳು

ಊ ನದಿಯ ದಂಡೆ, ಮುವಾಂಗ್ ಙೋಯ್
೧೪ ನವೆಂಬರ್ ೨೦೦೧, ಬುಧವಾರ

ಪ್ರೀತಿಯ ತಂಗಿ ಬುವಾಪಾನ್‌ಗೆ,

ಇವತ್ತು ಬೆಳಗಿನ ಜಾವ ಮತ್ತೆ ಅದೇ ಕನಸು. ಮೀನು ಗೋರುವ ಬಲೆ ಹಿಡಿದು ನದಿಯಿಂದ ದಂಡೆ ಹತ್ತುತ್ತಿದ್ದೇನೆ. ಬಲೆ ಬಹಳ ಭಾರ. ಬೆನ್ನ ಹಿಂದೆ ನೀರಿನೊಳಗಿಂದ ವಿಲೈ ಕೂಗುತ್ತಾಳೆ, “ಅಮ್ಮಾ, ನಾನಿನ್ನೂ ಇಲ್ಲೇ ಇದೀನಿ ಕಣೇ.” ಮೈಬಿಟ್ಟ ಜೀವವನ್ನು ಕರೆತರುವಾಗ ಹಿಂದೆ ತಿರುಗಬಾರದು ಎಂಬ ನೇಮ ಇದೆಯಲ್ಲ, ನಾನು ತಿರುಗಲಿಲ್ಲ.

ನೀನೂ ಮಕ್ಕಳೂ ಚೆನ್ನಾಗಿದ್ದೀರಷ್ಟೆ? ಉತ್ತರ ತಡವಾಯಿತು, ಬೈಯಬೇಡ. ಮೂರನೇ ತರಗತಿಗೇ ಶಾಲೆ ಬಿಟ್ಟ ಕೈ. ಬರೆದದ್ದನ್ನು ಹರಿದು ಹರಿದು ಮತ್ತೆ ಬರೆಯುತ್ತೇನೆ.

ದೋಣಿ ಮಗುಚಿದ್ದು ನಿನಗೆ ಗೊತ್ತು. ಉಳಿದದ್ದು ಅರ್ಧಂಬರ್ಧ ಗೊತ್ತು. ನಮ್ಮ ಮನೆಯ ಕೋಣೆಯಲ್ಲಿ ಬಾಡಿಗೆಗೆ ಇಳಿದಿದ್ದ ಪರದೇಶದ ಹುಡುಗಿ ಮಾರಿತ್‌ಳನ್ನು ವಿಲೈ ಮೇಲಿನ ಜಲಪಾತಕ್ಕೆ ಕರೆದುಕೊಂಡು ಹೊರಟಿದ್ದಳು. ಬೆನ್ನುಚೀಲ ಹೊತ್ತು ಬರುವ ಎಷ್ಟೋ ಜನರನ್ನು ಕರೆದೊಯ್ದಿದ್ದಾಳೆ, ಆದರೆ ಈ ಹುಡುಗಿಯ ಜೊತೆ ಸ್ವಂತ ಅಕ್ಕತಂಗಿಯರ ಸಲಿಗೆ. ವಿಲೈ ಹಾಕುವಂಥದ್ದೇ ನೀಲಿ ಕೈಮಗ್ಗದ ಅಂಗಿ ಅವಳೂ ಕೊಂಡಳು. ಇಬ್ಬರೂ ಬೆನ್ನು ತಿರುಗಿಸಿ ನಿಂತು ನನ್ನನ್ನು ಕಾಡಿಸುತ್ತಿದ್ದರು, “ಅಮ್ಮಾ, ಹಿಂದಿನಿಂದ ನೋಡಿ ಹೇಳು, ನಿನ್ನ ಮಗಳು ಯಾರು?”

ಹೊರಡುವಾಗ ನಾನು ಎಂದಿನಂತೆ, ನೀರು ಜೋರಾಗಿದೆ, ಇವತ್ತು ಬೇಡ ಎಂದೆ. ವಿಲೈ ನಕ್ಕಳು. “ಅಮ್ಮಾ, ನೀನು ಹೆದರೋದಕ್ಕೆ ಯಾರಾದ್ರೂ ಕೂಲಿ ಕೊಟ್ಟಿದ್ರೆ ನಾವು ಇಷ್ಟೊತ್ತಿಗೆ ಸಾಹುಕಾರರಾಗಿರ್ತಿದ್ವಿ.”

ಇಬ್ಬರನ್ನೂ ಜೀವಂತ ಎತ್ತಿದರು. ಕಾಲು ಮುರಿದ ಮಾರಿತ್‌ಳನ್ನು ನೀನು ಅಡುಗೆ ಮಾಡುವ ಆಸ್ಪತ್ರೆಗೇ ಸಾಗಿಸಿದರು. ಅವಳ ಚೀಲ ತುಂಬಿದವಳು ನಾನೇ. ಹಗ್ಗದ ಮೇಲೆ ಎರಡು ನೀಲಿ ಅಂಗಿಗಳು ಒಣಗುತ್ತಿದ್ದವು. ಅವಸರದಲ್ಲಿ ಒಂದನ್ನು ಎಳೆದು ಚೀಲಕ್ಕೆ ತುರುಕಿದೆ.

ವಿಲೈ ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಮಾತಿಲ್ಲ, ಊಟವಿಲ್ಲ, ಕಣ್ಣು ತೆರೆದೇ ಮಲಗಿದ್ದಳು. ಬೆಚ್ಚಿದ ಖ್ವಾನ್, ಮೈಯೊಳಗಿನ ಜೀವ, ಮೈಬಿಟ್ಟು ನದಿಯಲ್ಲೇ ಉಳಿದಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಖ್ವಾನ್ ತನ್ನ ಬಟ್ಟೆಯ ಗುರುತು ಹಿಡಿದು ಬರಲೆಂದು ಹಗ್ಗದ ಮೇಲೆ ಉಳಿದಿದ್ದ ಅಂಗಿ, ಬೇಯಿಸಿದ ಮೊಟ್ಟೆ, ಅಂಟನ್ನದ ಉಂಡೆ ಬಲೆಯಲ್ಲಿಟ್ಟು ದೋಣಿ ಮಗುಚಿದ ಜಾಗಕ್ಕೆ ಹೋಗಿ ನೀರು ಗೋರಿದೆ. “ಬಾ ಖ್ವಾನ್, ಮನೆಗೆ ಬಾ” ಎಂದು ಕರೆದೆ. ಬಲೆ ತಟ್ಟನೆ ಭಾರವಾಯಿತು. ನನಗೆಷ್ಟು ಸಂತೋಷವಾಯಿತು ಗೊತ್ತಾ! ಮನೆಗೆ ತಂದು, ಅಂಗಿಯನ್ನು ಅವಳಿಗೆ ಹೊದಿಸಿ, ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದೆ. ವಿಲೈ ಎದ್ದು ಕೂತಳು. ನೀರು ಕೇಳಿದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬುವಾಪಾನ್, ಅವಳು ಅಂಟನ್ನವನ್ನು ಚಮಚದಲ್ಲಿ ತಿನ್ನುತ್ತಾಳೆ. ಬೂಟು ಹಾಕಿಕೊಂಡೇ ಮನೆಯೊಳಗೆ ಬರುತ್ತಾಳೆ. ಅವಳೇ ಸಾಕಿದ ನಾಯಿ ಅವಳು ಹತ್ತಿರ ಬಂದರೆ ಎದ್ದು ಆಚೆ ಹೋಗುತ್ತದೆ. ಮೊನ್ನೆ ಬೆಳಿಗ್ಗೆ ಜಗುಲಿಯಲ್ಲಿ ಕೂತು ಎದುರಿನ ಬೆಟ್ಟವನ್ನೇ ನೋಡುತ್ತಿದ್ದಳು. “ಏನೇ ಅದು?” ಎಂದೆ. “ಎಷ್ಟು ಚೆನ್ನಾಗಿದೆ!” ಎಂದಳು. ಇಲ್ಲಿ ಹುಟ್ಟಿದವರು ಯಾರಾದರೂ ಆ ಬೆಟ್ಟವನ್ನು ಹಾಗೆ ನೋಡಿದ್ದುಂಟೇ?

ನಿನ್ನ ಭಾವನಿಗೆ ಹೇಳಿದರೆ ನಗುತ್ತಾರೆ. “ಮಗಳು ಎದ್ದು ಓಡಾಡ್ತಿದಾಳಲ್ಲ, ಸಾಲದಾ? ಬುದ್ಧನ ಮುಂದೆ ಕೂರಿಸಿದ್ರೂ ನೀನು, ಸ್ವಾಮೀ ಯಾಕೋ ಸೊರಗಿದೀರಿ ಅನ್ನೋಳು!”

ಆಮೇಲೆ ನಿನ್ನ ಕಾಗದ ಬಂತು. ನೀನು ತಮಾಷೆಗೆ ಬರೆದಿದ್ದೆ: “ಅಕ್ಕಾ, ಈ ಬಿಳಿ ಹುಡುಗಿ ಬ್ರೆಡ್ಡು ಮುಟ್ಟಲ್ಲ ಕಣೇ. ಅಂಟನ್ನ ಉಂಡೆ ಮಾಡಿ ಮೀನಿನ ಚಟ್ನಿಗೆ ಅದ್ದಿ ತಿಂತಾಳೆ, ಥೇಟ್ ನಮ್ಮ ವಿಲೈ. ಗಂಜಿ ಆರೋಯ್ತು ಅಂತ ನಾನು ಗೊಣಗಿದ್ರೆ ಕಣ್ಣು ಹೊರಳಿಸ್ತಾಳೆ.” ಓದಿ ಮುಗಿಸಿದವಳೇ ವಿಲೈಗೆ ಹೊದಿಸಿದ್ದ ಅಂಗಿಯನ್ನು ಹುಡುಕಿ ತೆಗೆದೆ.

ವಿಲೈ ಅಂಗಿಯ ಒಳ ಅಂಚಿಗೆ ನಾನು ಕೆಂಪು ದಾರದ ಎರಡು ಹೊಲಿಗೆ ಹಾಕಿದ್ದೆ, ಬೇರೆಯವರ ಬಟ್ಟೆಯಲ್ಲಿ ಬೆರೆಯದಿರಲಿ ಎಂದು. ಇಲ್ಲಿರುವ ಅಂಗಿಯಲ್ಲಿ ಆ ದಾರವಿಲ್ಲ. ಒಗೆಯುವಾಗ ಕಲ್ಲಿಗೆ ಬಡಿದು ಕಿತ್ತುಹೋಗಿರುತ್ತದೆ ಎನ್ನುತ್ತಾರೆ ನಿನ್ನ ಭಾವ. ಮಾರಿತ್‌ಳ ಚೀಲದಲ್ಲಿರುವ ಅಂಗಿಯನ್ನು ನೋಡೆಂದು ದೋಣಿಯವನ ಹತ್ತಿರ ನಿನಗೆ ಹೇಳಿಕಳಿಸಿದ್ದೆ. ನೀನು ನೋಡಿ, ಅದರಲ್ಲೂ ಇಲ್ಲ ಎಂದು ತಿಳಿಸಿದೆ. ಅದನ್ನು ಕೇಳಿ ಒಂದು ದಿನ ನೆಮ್ಮದಿಯಾಗಿದ್ದೆ.

ಅಂಗಕ್ಕೊಂದರಂತೆ ಇರುವ ಮೂವತ್ತೆರಡು ಖ್ವಾನ್‌ಗಳೂ ನಿನ್ನ ಮೈಯಲ್ಲೇ ನೆಲೆಸಿರಲಿ, ಮಕ್ಕಳ ಮೈಯಲ್ಲೂ ಇರಲಿ. ನೀರಿನ ಹತ್ತಿರ ಅವರನ್ನು ಬಿಡಬೇಡ.

ನಿನ್ನ ಅಕ್ಕ,
ಒನ್ಸಿ

ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ವಿಲೈ ಬೆನ್ನುಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲ ಬಳಿ ನಿಂತಳು. ನನಗೆ ಕೈಮುಗಿದು, “ತುಂಬಾ ಚೆನ್ನಾಗಿ ನೋಡ್ಕೊಂಡ್ರಿ. ಉಪಕಾರವಾಯ್ತು” ಎಂದಳು. ಚೀಲ ಕಸಿದುಕೊಂಡೆ. ಅವಳು ಜಗಳವಾಡಲಿಲ್ಲ. ಹುಟ್ಟಿದಾಗಿನಿಂದ ನನ್ನನ್ನು ಆಡಿಕೊಂಡ ಬಾಯಿ, ಅತಿಥಿಗಳು ನಗುವಂತೆ ನಕ್ಕಿತು. ಆ ಮೈಯೊಳಗೆ ಇರುವವಳೂ ಯಾವುದೋ ತಾಯಿಯ ಮಗಳೇ, ದಾರ ಕಟ್ಟಿ ಹಿಡಿದಿಟ್ಟವಳು ನಾನು.

ಭಾನುವಾರ ಮಾರಿತ್‌ಳನ್ನು ಅವಳ ಅಪ್ಪ ವಿಮಾನದಲ್ಲಿ ಕರೆದೊಯ್ಯುತ್ತಾರಂತೆ. ಸಮುದ್ರದಾಚೆಗೆ ನನ್ನ ಬಲೆ ಮುಟ್ಟುವುದಿಲ್ಲ. ನೀನು ಯಾವ ಕಡೆ ನೋಡಿದೆಯೋ ಹೇಳಲಿಲ್ಲ. ಹೊಲಿಗೆ ಇರುವುದು ಎಡಗಡೆ, ಮಡಿಕೆಯ ಒಳಮಗ್ಗುಲಲ್ಲಿ. ಅಂಗಿ ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡು.